ಎಂ.ಎಸ್ಸಿ. ಮುಗೀತು, ಪಿಎಚ್.ಡಿ. ಮಾಡಬೇಕಾ?

ಎಂ.ಎಸ್ಸಿ. ಕೊನೆಯ ಸೆಮಿಸ್ಟರಿನ ಫಲಿತಾಂಶ ಬಂದ ಮೇಲೆ ಯಾದಗಿರಿ, ಶಹಾಪುರ, ಸುರಪುರದ ಮನೆಗಳಲ್ಲಿ ನಡೆಯುವ ಮಾತುಕತೆ ಹೆಚ್ಚೂಕಡಿಮೆ ಒಂದೇ ತೆರ. ಬಿ.ಇಡಿ. ಮಾಡು, ಹೈಸ್ಕೂಲ್ ಮಾಸ್ತರಿಕೆಯಾದರೂ ಸಿಕ್ಕೀತು ಎಂದು ಅಪ್ಪನ ಸಲಹೆ. ಧಾರವಾಡಕ್ಕೋ ವಿಜಯಪುರಕ್ಕೋ ಹೋಗಿ ಪಿಡಿಒ, ಪಿಎಸ್‌ಐ ಪರೀಕ್ಷೆಗೆ ಕೋಚಿಂಗ್ ತಗೋ ಎಂದು ಕಾಕಾನ ಒತ್ತಾಯ. ಹೈದರಾಬಾದಿನ ಔಷಧ ಕಂಪನಿಯಲ್ಲಿರುವ ಗೆಳೆಯ ಫೋನ್ ಮಾಡಿ ಬಯೋಡೇಟಾ ಕಳಿಸು ಅನ್ನುತ್ತಾನೆ. ಪಿಎಚ್.ಡಿ.ಯ ಹೆಸರೆತ್ತುವವರು ವಿಭಾಗದ ಸರ್ ಒಬ್ಬರೇ. ಆ ಮಾತು ಮನೆ ತಲುಪಿದರೆ ಅಜ್ಜಿ ಕೇಳುವುದು: 'ಡಾಕ್ಟರ್ ಆದರ ಸೂಜಿ ಮಾಡ್ತೀಯೇನು?'

ಅಜ್ಜಿಯ ಪ್ರಶ್ನೆಗೆ ನಗಬಹುದು. ಆದರೆ ಆ ಪದವಿ ಪಡೆದು ನೀನು ಮಾಡುವುದೇನು ಎಂದು ಅಷ್ಟು ನೇರವಾಗಿ ಕೇಳುವವರು ವಿಶ್ವವಿದ್ಯಾಲಯದೊಳಗೂ ಕಡಿಮೆ. ನಮ್ಮ ಕಡೆ ಬಹಳ ಹುಡುಗ ಹುಡುಗಿಯರು ಸಂಶೋಧನೆಗೆ ಸೇರುವುದು ಬೇರೇನೂ ಸಿಗದೆ ಖಾಲಿ ಬಿದ್ದ ವರ್ಷಗಳನ್ನು ತುಂಬಿಕೊಳ್ಳಲು. ನೌಕರಿಯ ಅರ್ಜಿ ಕರೆಯುವ ತನಕ ಇರಲಿ, ಫೆಲೋಶಿಪ್ ಬಂದರೆ ಬರಲಿ, ಲಗ್ನಪತ್ರಿಕೆಯಲ್ಲಿ ಹೆಸರಿನ ಹಿಂದೆ 'ಡಾ.' ಕೂಡಲಿ ಎಂಬ ಲೆಕ್ಕ. ಈ ಲೆಕ್ಕ ಎಲ್ಲಿ ತಪ್ಪುತ್ತದೆ, ಎಲ್ಲಿ ಸರಿಹೋಗುತ್ತದೆ ಎಂದು ಒಮ್ಮೆ ಪೂರ್ತಿಯಾಗಿ ನೋಡಬೇಕಾಗಿದೆ. ದೇಶದಲ್ಲಿ ಪಿಎಚ್.ಡಿ.ಗೆ ಹೆಸರು ಹಚ್ಚಿಕೊಂಡವರು 2014-15ರಲ್ಲಿ 1.17 ಲಕ್ಷ ಇದ್ದರು. 2021-22ರ ಹೊತ್ತಿಗೆ 2.12 ಲಕ್ಷ ದಾಟಿದರು. ಕಾಲೇಜುಗಳಲ್ಲಿ ಕಾಯಂ ಹುದ್ದೆಗಳು ಆ ವೇಗದಲ್ಲಿ ಬೆಳೆದಿಲ್ಲ.

ಯಾದಗಿರಿ ಜಿಲ್ಲೆ ಕಲಬುರಗಿಯಿಂದ ಬೇರ್ಪಟ್ಟು ರಾಜ್ಯದ 30ನೆಯ ಜಿಲ್ಲೆಯಾದಾಗ ಅದರಲ್ಲಿ ಇದ್ದದ್ದು ಯಾದಗಿರಿ, ಶಹಾಪುರ, ಸುರಪುರ ಈ ಮೂರೇ ತಾಲ್ಲೂಕು. ಹುಣಸಗಿ, ವಡಗೇರಾ, ಗುರುಮಠಕಲ್ ಆಮೇಲೆ ಆದವು. 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ಶೇ 51.83, ರಾಜ್ಯದಲ್ಲೇ ಕಡೆಯದು. ಅಂಥ ಜಿಲ್ಲೆಯಲ್ಲಿ ಪಿಎಚ್.ಡಿ. ಮಾತೇಕೆ, ಮೊದಲು ಶಾಲೆ ಸರಿಯಾಗಲಿ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ವಿಜ್ಞಾನದ ದೃಷ್ಟಿಯಿಂದ ನೋಡಿದರೆ ಈ ನೆಲದಷ್ಟು ಪ್ರಶ್ನೆಗಳನ್ನು ಹೊತ್ತು ಕೂತ ಜಾಗ ಕರ್ನಾಟಕದಲ್ಲಿ ವಿರಳ, ಮತ್ತು ಆ ಪ್ರಶ್ನೆಗಳಿಗೆ ಉತ್ತರ ಹುಡುಕಲು ಬಂದವರು ಬಹುಪಾಲು ಹೊರಗಿನವರು.

ಕೆ. ಪದ್ದಯ್ಯ ಅವರ ವಿಷಯವನ್ನೇ ತೆಗೆದುಕೊಳ್ಳಿ. 1960ರ ದಶಕದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಅವರು ಪಿಎಚ್.ಡಿ.ಗೆ ಆಯ್ದುಕೊಂಡ ಜಾಗ ಸುರಪುರ ದೋಆಬ್, ಅಂದರೆ ಕೃಷ್ಣಾ–ಭೀಮಾ ನದಿಗಳ ನಡುವಿನ ನೆಲ. ಇಲ್ಲಿನ ನವಶಿಲಾಯುಗದ ನೆಲೆಗಳನ್ನು ಹಳ್ಳಿಯಿಂದ ಹಳ್ಳಿಗೆ ತಿರುಗಿ ಗುರುತಿಸಿದರು. ಆ ಕೆಲಸ 1973ರಲ್ಲಿ ನೆದರ್‌ಲ್ಯಾಂಡ್ಸ್‌ನ ಲೈಡನ್‌ನಲ್ಲಿ ಬ್ರಿಲ್ ಪ್ರಕಾಶನದಿಂದ ಪುಸ್ತಕವಾಗಿ ಬಂತು; ಶೀರ್ಷಿಕೆಯಲ್ಲೇ ಸುರಪುರದ ಹೆಸರಿತ್ತು. ಇಷ್ಟಕ್ಕೆ ಮುಗಿದಿದ್ದರೆ ಅದು ಎಲ್ಲ ಪ್ರಬಂಧಗಳಂತೆ ಇನ್ನೊಂದು ಪ್ರಬಂಧ. ಅವರು ಮತ್ತೆ ಮತ್ತೆ ಬಂದರು. ಹುಣಸಗಿ ಮತ್ತು ಬೈಚಬಾಳ ಕಣಿವೆಗಳಲ್ಲಿ ಹಳೆ ಶಿಲಾಯುಗದ ನೂರಕ್ಕೂ ಹೆಚ್ಚು ನೆಲೆಗಳು ಬೆಳಕಿಗೆ ಬಂದವು. ಇಸಾಂಪುರದಲ್ಲಿ ಸುಣ್ಣಕಲ್ಲಿನ ಹಾಸುಗಳನ್ನೊಡೆದು ಕೈಗೊಡಲಿ ಮಾಡುತ್ತಿದ್ದ ಆದಿಮಾನವರ ಕಾರ್ಯಾಗಾರವೇ ಸಿಕ್ಕಿತು. ಅಲ್ಲಿ ದೊರೆತ ಪ್ರಾಣಿಗಳ ಹಲ್ಲಿನ ಮೇಲೆ ನಡೆಸಿದ ಕಾಲನಿರ್ಣಯ ಸುಮಾರು 12 ಲಕ್ಷ ವರ್ಷಗಳ ಹಿಂದಕ್ಕೆ ಕರೆದೊಯ್ದಿತು. 1990ರ ದಶಕದಲ್ಲಿ ಬೂದಿಹಾಳದ ಬೂದಿದಿಬ್ಬದ ಉತ್ಖನನ ನಡೆಯಿತು. ಸಗಣಿ ಕೂಡಿಹಾಕಿ ಸುಟ್ಟ ದನಗಾಹಿಗಳ ಊರು ಹೇಗಿತ್ತು ಎಂಬುದಕ್ಕೆ ದಕ್ಷಿಣ ಭಾರತದಲ್ಲಿ ಇಂದಿಗೂ ಮೊದಲು ಹೆಸರಿಸುವ ನೆಲೆಗಳಲ್ಲಿ ಅದೂ ಒಂದು. 2012ರಲ್ಲಿ ಪದ್ದಯ್ಯ ಅವರಿಗೆ ಪದ್ಮಶ್ರೀ ಬಂತು.

ಇದನ್ನು ಇಲ್ಲಿ ಹೇಳಲು ಕಾರಣ ಪದ್ಮಶ್ರೀಯಲ್ಲ. ಪಿಎಚ್.ಡಿ.ಯಲ್ಲಿ ಎತ್ತಿಕೊಂಡ ಪ್ರಶ್ನೆ ಪದವಿ ಸಿಕ್ಕ ದಿನ ತೀರಲಿಲ್ಲ, ಮುಂದಿನ ನಾಲ್ಕು ದಶಕದ ಕೆಲಸಕ್ಕೆ ಅದೇ ಬುನಾದಿಯಾಯಿತು. ಐದು ವರ್ಷದ ನಂತರವೂ ನಿಮ್ಮನ್ನು ಬಿಡದೆ ಕಾಡುವ ಪ್ರಶ್ನೆಯೊಂದು ಇದೆಯೇ? ಇದ್ದರೆ ಮುಂದಿನ ಲೆಕ್ಕಗಳನ್ನು, ಹಣದವು, ಊರಿನವು, ಗೈಡಿನವು, ಹಾಕುವುದರಲ್ಲಿ ಅರ್ಥವಿದೆ. ಇಲ್ಲದಿದ್ದರೆ ಎಷ್ಟೇ ಒಳ್ಳೆಯ ಫೆಲೋಶಿಪ್ ಇದ್ದರೂ ಮೂರನೆಯ ವರ್ಷದಲ್ಲಿ ಪ್ರಯೋಗಾಲಯದ ಬಾಗಿಲು ತೆರೆಯುವುದೇ ಬೇಸರವಾಗುತ್ತದೆ.

ಇಂಥ ಪ್ರಶ್ನೆಗೆ ದೂರ ಹೋಗಬೇಕಿಲ್ಲ. ಸುರಪುರ ತಾಲ್ಲೂಕಿನ ಮಂಗಳೂರು ಸುತ್ತ ಹಳೆಯ ಚಿನ್ನದ ಗಣಿಯಿದ್ದ ಪಟ್ಟಿ ಇದೆ. ಅದಕ್ಕೆ ಹತ್ತಿರದ ಕಿರದಳ್ಳಿ ತಾಂಡಾದ ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಇರುವುದು, ಜನರ ಅಂಗೈ ಅಂಗಾಲುಗಳಲ್ಲಿ ಗಂಟು, ಮೈಮೇಲೆ ಕಲೆ ಕಾಣಿಸಿಕೊಂಡಿರುವುದು ಪತ್ರಿಕೆಗಳಲ್ಲೂ ವೈಜ್ಞಾನಿಕ ನಿಯತಕಾಲಿಕಗಳಲ್ಲೂ ಬಂದ ಸಂಗತಿ. 2013ರಲ್ಲಿ ಕೋಲ್ಕತ್ತದ ಜಾದವಪುರ ವಿಶ್ವವಿದ್ಯಾಲಯದ ದೀಪಂಕರ ಚಕ್ರವರ್ತಿ ಮತ್ತು ಸಂಗಡಿಗರು ಈ ಪ್ರದೇಶದ ಮೇಲೆ ಅಂತರರಾಷ್ಟ್ರೀಯ ನಿಯತಕಾಲಿಕವೊಂದರಲ್ಲಿ ಲೇಖನ ಪ್ರಕಟಿಸಿದರು. ಬಂಗಾಳದ ಆರ್ಸೆನಿಕ್ ಬಗ್ಗೆ ದಶಕಗಟ್ಟಲೆ ಕೆಲಸ ಮಾಡಿದವರು ಅಲ್ಲಿಂದ ಇಲ್ಲಿಗೆ ಬಂದು ನೋಡಿ ಬರೆದರು. ನಮ್ಮದೇ ತಾಂಡಾ, ನಮ್ಮದೇ ಬೋರ್‌ವೆಲ್.

ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಯುರೇನಿಯಂ ಇರುವುದನ್ನು ಅಣು ಖನಿಜ ನಿರ್ದೇಶನಾಲಯ ಪತ್ತೆಹಚ್ಚಿತು. ಸುಣ್ಣಕಲ್ಲು ಮತ್ತು ಅದರ ಕೆಳಗಿನ ಗ್ರಾನೈಟ್ ಎರಡರಲ್ಲೂ, ಭೂಸ್ತರ ಭಂಗದ ಗುಂಟ ಅದು ಹರಡಿದೆ. ಗಣಿ ಬೇಕೇ ಬೇಡವೇ ಎಂಬ ಜಗಳ ಒಂದು ಕಡೆ. ಸುತ್ತಲಿನ ಬಾವಿಗಳ ನೀರಿನಲ್ಲಿ ಏನಿದೆ, ಮಳೆಗಾಲಕ್ಕೂ ಬೇಸಿಗೆಗೂ ಅದು ಹೇಗೆ ಬದಲಾಗುತ್ತದೆ ಎಂಬುದು ಇನ್ನೊಂದು. ಎರಡನೆಯದಕ್ಕೆ ಘೋಷಣೆ ಸಾಲದು, ವರ್ಷಗಟ್ಟಲೆ ಮಾದರಿ ತೆಗೆದು ಅಳೆಯುವವರು ಬೇಕು. ಇನ್ನು ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಭತ್ತದ ಗದ್ದೆಗಳಾದ ಹೊಲಗಳನ್ನು ನೋಡಿ. ಅಲ್ಲಲ್ಲಿ ಸವಳು-ಜವಳು ಹಿಡಿದು ಬಿಳಿ ಉಪ್ಪು ಮೇಲೆದ್ದಿದೆ. ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕಾಲೇಜೊಂದು ಈ ಹೊಲಗಳ ನಡುವೆಯೇ, ಭೀಮರಾಯನಗುಡಿಯಲ್ಲಿದೆ. ಮಣ್ಣು ವಿಜ್ಞಾನದ ವಿದ್ಯಾರ್ಥಿಗೆ ಇದಕ್ಕಿಂತ ಹತ್ತಿರದ ಪ್ರಯೋಗಾಲಯ ಸಿಗದು. ಸುರಪುರದ ನಾಯಕ ಅರಸರ ಕಾಲದ ಬೋನಾಳ ಕೆರೆಯ ಹಕ್ಕಿಗಳು, ತೊಗರಿಯ ಸೊರಗು ರೋಗ, ಕಡೇಚೂರು ಕೈಗಾರಿಕಾ ಪ್ರದೇಶದ ಗಾಳಿ — ಪಟ್ಟಿ ಇನ್ನೂ ಉದ್ದವಿದೆ.

ಆದರೆ ನಮ್ಮ ಭಾಗದ ವಿಭಾಗಗಳಲ್ಲಿ ಬರುವ ಥೀಸಿಸ್‌ಗಳ ಶೀರ್ಷಿಕೆ ಓದಿದರೆ ಬೇರೆಯೇ ಚಿತ್ರ ಕಾಣುತ್ತದೆ. ರಸಾಯನಶಾಸ್ತ್ರದಲ್ಲಿ ಸಾಲುಸಾಲಾಗಿ ಇಂಥಿಂಥ ಸಂಯುಕ್ತಗಳ 'ಸಿಂಥೆಸಿಸ್, ಕ್ಯಾರೆಕ್ಟರೈಸೇಶನ್ ಮತ್ತು ಬಯಾಲಾಜಿಕಲ್ ಆಕ್ಟಿವಿಟಿ'. ಗೈಡ್ ಹಿಂದಿನ ವಿದ್ಯಾರ್ಥಿಗೆ ಕೊಟ್ಟ ಅಣುವಿನಲ್ಲಿ ಒಂದು ಮೂಲೆ ಬದಲಾಯಿಸಿದರೆ ಮುಂದಿನ ವಿದ್ಯಾರ್ಥಿಯ ವಿಷಯ ಸಿದ್ಧ. ಅದರಲ್ಲೂ ಒಳ್ಳೆಯ ಕೆಲಸ ಇರುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಅಣುವನ್ನು ಮಾಡಿ, ಅದರ ಸ್ಪೆಕ್ಟ್ರಾ ತೆಗೆಸಲು ಬೇರೆ ಊರಿನ ಯಂತ್ರಕ್ಕೆ ಕೊರಿಯರ್ ಮಾಡಿ, ಎರಡು ತಿಂಗಳು ಕಾದು, ಬಂದ ಗೆರೆಗಳನ್ನು ಪಟ್ಟಿಗೆ ಸೇರಿಸುವುದೇ ಐದು ವರ್ಷದ ದಿನಚರಿಯಾದರೆ, ಆ ಕೆಲಸಕ್ಕೆ ಕಂಪನಿಯಲ್ಲಿ ಸಂಬಳವಾದರೂ ಹೆಚ್ಚು ಸಿಗುತ್ತದೆ.

ಸಂಬಳದ ಮಾತು ಬಂತಲ್ಲ, ಅದನ್ನೂ ಬಿಚ್ಚಿ ನೋಡೋಣ. ವಿಜ್ಞಾನದ ಬಾಗಿಲು ಸಿಎಸ್‌ಐಆರ್-ಯುಜಿಸಿ ನೆಟ್. ವರ್ಷಕ್ಕೆ ಎರಡು ಸಲ. ರಸಾಯನ, ಜೀವ, ಭೌತ, ಗಣಿತ, ಭೂವಿಜ್ಞಾನ ಎಂದು ಐದು ವಿಷಯ. ಲಕ್ಷಾಂತರ ಮಂದಿ ಬರೆಯುತ್ತಾರೆ, ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಸಿಗುವುದು ಕೆಲವೇ ಸಾವಿರಕ್ಕೆ. ಸಿಕ್ಕವರಿಗೆ 2023ರ ಜನವರಿಯಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000, ಜೊತೆಗೆ ಮನೆ ಬಾಡಿಗೆ ಭತ್ಯೆ. ಅದಕ್ಕೆ ಮುಂಚೆ 31,000 ಇತ್ತು. ಸಂಶೋಧಕರು ಬೀದಿಗಿಳಿದ ಮೇಲೆ ಏರಿತು. ಜೆಆರ್‌ಎಫ್ ವಯೋಮಿತಿ 30. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ ಮತ್ತು ಮಹಿಳೆಯರಿಗೆ 5 ವರ್ಷದ ಸಡಿಲಿಕೆ. 2024ರಿಂದ ನೆಟ್ ಅಂಕದ ಮೇಲೆ ಜೆಆರ್‌ಎಫ್ ಇಲ್ಲದೆಯೂ ಪಿಎಚ್.ಡಿ. ಪ್ರವೇಶ ಸಿಗುವಂತಾಗಿದೆ: ಪರೀಕ್ಷೆಗೆ ಶೇ 70, ಸಂದರ್ಶನಕ್ಕೆ ಶೇ 30. ಹಾಗೆ ಸೇರಿದವರ ಕೈಗೆ ಬರುವ ದುಡ್ಡು ಮಾತ್ರ ಬಹಳ ಕಡಿಮೆ. ಕೇಂದ್ರೀಯ ವಿಶ್ವವಿದ್ಯಾಲಯಗಳ ನಾನ್-ನೆಟ್ ಫೆಲೋಶಿಪ್ ತಿಂಗಳಿಗೆ 8,000 ರೂಪಾಯಿ. ಕಲಬುರಗಿಯಲ್ಲಿ ಒಂದು ಖೋಲಿ, ಎರಡು ಹೊತ್ತಿನ ಮೆಸ್, ತಿಂಗಳಿಗೊಮ್ಮೆ ಊರು — ಆಯಿತು, ಮುಗಿಯಿತು.

ಸುರಪುರದ ಸುತ್ತ ಬೇಡ ನಾಯಕ ಸಮುದಾಯ ದೊಡ್ಡದು. ಆ ಮನೆಗಳ ಮಕ್ಕಳಿಗೆ ಬುಡಕಟ್ಟು ವ್ಯವಹಾರಗಳ ಸಚಿವಾಲಯದ ರಾಷ್ಟ್ರೀಯ ಫೆಲೋಶಿಪ್ ಇದೆ, ದೇಶಕ್ಕೆಲ್ಲ ವರ್ಷಕ್ಕೆ 750. ಪರಿಶಿಷ್ಟ ಜಾತಿಗೂ ಹಿಂದುಳಿದ ವರ್ಗಕ್ಕೂ ಇಂಥವೇ ಯೋಜನೆಗಳಿವೆ. ವಿಶ್ವವಿದ್ಯಾಲಯಕ್ಕೆ ಮೊದಲ ರ‍್ಯಾಂಕ್ ಬಂದವರಿಗೆ ಇನ್‌ಸ್ಪೈರ್ ಫೆಲೋಶಿಪ್ ಇದೆ. ಅಲ್ಪಸಂಖ್ಯಾತರಿಗಿದ್ದ ಮೌಲಾನಾ ಆಜಾದ್ ಫೆಲೋಶಿಪ್ಪನ್ನು 2022ರಲ್ಲಿ ನಿಲ್ಲಿಸಲಾಯಿತು. ಶಹಾಪುರ, ಸುರಪುರದ ಮುಸ್ಲಿಂ ಹುಡುಗಿಯರ ಪಾಲಿಗೆ ಅದು ಸಣ್ಣ ನಷ್ಟವಲ್ಲ. ಒಟ್ಟಿನಲ್ಲಿ ಯಾವುದಾದರೊಂದು ಫೆಲೋಶಿಪ್ ಕೈಯಲ್ಲಿಲ್ಲದೆ ವಿಜ್ಞಾನದ ಪಿಎಚ್.ಡಿ.ಗೆ ಸೇರಬೇಡಿ. ಇದರಲ್ಲಿ ನನಗೆ ಎರಡನೆಯ ಮಾತಿಲ್ಲ. ಸಾಹಿತ್ಯದ ಸಂಶೋಧಕ ಲೈಬ್ರರಿ ಪುಸ್ತಕ ಹಿಡಿದು ಊರಲ್ಲಿ ಕೂತು ಬರೆಯಬಹುದು, ಪ್ರಯೋಗಾಲಯ ಬೇಡದ ಗಣಿತದವರೂ ಅಷ್ಟಿಷ್ಟು ಸಾವರಿಸಿಕೊಳ್ಳಬಹುದು. ರಸಾಯನ, ಜೀವ ವಿಜ್ಞಾನದವರು ಹಾಗಲ್ಲ. ಕೆಮಿಕಲ್ ತರಿಸುವುದಕ್ಕೂ ಸ್ಯಾಂಪಲ್ ಕಳಿಸುವುದಕ್ಕೂ ಕಡೆಗೆ ಕೈಯಿಂದಲೇ ಹಾಕುವ ಪರಿಸ್ಥಿತಿ ಬರುತ್ತದೆ. ಫೆಲೋಶಿಪ್ ಇದ್ದರೂ ನಾಲ್ಕಾರು ತಿಂಗಳು ಬಾಕಿ ಉಳಿಯುವುದುಂಟು. ಮನೆಯಲ್ಲಿ ಸಾಲದ ಕಂತು ಇದ್ದವರು ಇದನ್ನು ಮೊದಲೇ ಲೆಕ್ಕ ಹಾಕಿಕೊಳ್ಳಬೇಕು.

ಇಷ್ಟೆಲ್ಲ ಕಷ್ಟ ಏತಕ್ಕೆ ಎಂದು ಕೇಳಿದರೆ ಹತ್ತರಲ್ಲಿ ಎಂಟು ಜನ ಹೇಳುವುದು 'ಡಿಗ್ರಿ ಕಾಲೇಜಿನ ನೌಕರಿಗೆ'. ಇಲ್ಲೇ ಎಲ್ಲರೂ ಎಡವುವುದು. ಸಹಾಯಕ ಪ್ರಾಧ್ಯಾಪಕ ಹುದ್ದೆಯ ನೇರ ನೇಮಕಾತಿಗೆ ನೆಟ್, ಸೆಟ್ ಅಥವಾ ಎಸ್‌ಎಲ್‌ಇಟಿ ಕನಿಷ್ಠ ಅರ್ಹತೆ, ಪಿಎಚ್.ಡಿ. ಐಚ್ಛಿಕ ಎಂದು ಯುಜಿಸಿ 2023ರ ಜುಲೈಯಿಂದ ಹೇಳಿದೆ. ನಮ್ಮ ರಾಜ್ಯದಲ್ಲಿ ಕೆಸೆಟ್ ಇದೆ, ಈಗ ಅದನ್ನು ನಡೆಸುವುದು ರಾಜ್ಯದ ಪರೀಕ್ಷಾ ಪ್ರಾಧಿಕಾರ ಕೆಇಎ. ಅಂದರೆ ಎಂ.ಎಸ್ಸಿ. ಮುಗಿಸಿ ಒಂದು ವರ್ಷ ಮನಸ್ಸಿಟ್ಟು ಓದಿ ಕೆಸೆಟ್ ಪಾಸಾದವರು, ಆರು ವರ್ಷ ಥೀಸಿಸ್ ಬರೆದವರ ಸಾಲಿನಲ್ಲೇ ನಿಂತು ಅರ್ಜಿ ಹಾಕಬಹುದು. ಪಾಠ ಹೇಳುವುದು ನಿಮ್ಮ ಆಸೆಯಾದರೆ ಕೆಸೆಟ್ ಬರೆಯಿರಿ. ಪಿಎಚ್.ಡಿ.ಯಿಂದ ಆಗುವ ಲಾಭ ನೌಕರಿ ಸಿಕ್ಕ ಮೇಲಿನದು: ಸಹ ಪ್ರಾಧ್ಯಾಪಕರಾಗುವ ಬಡ್ತಿಗೆ ಅದು ಬೇಕು. ನೌಕರಿಯಲ್ಲಿದ್ದುಕೊಂಡು, ನಿರಾಕ್ಷೇಪಣಾ ಪತ್ರ ಪಡೆದು, ಅರೆಕಾಲಿಕವಾಗಿಯೂ ಮಾಡಬಹುದು.

ಹುದ್ದೆಗಳ ಬಾಗಿಲು ತೆರೆಯುವುದು ವರ್ಷಗಟ್ಟಲೆ ಅಂತರದಲ್ಲಿ. 2021ರಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿಗೆ ಎಲ್ಲ ವಿಷಯ ಸೇರಿ ಕರೆದದ್ದು 1,242 ಹುದ್ದೆ. ನಡುವಿನ ವರ್ಷಗಳಲ್ಲಿ ಉಳಿಯುವುದು ಅತಿಥಿ ಉಪನ್ಯಾಸಕನ ಕುರ್ಚಿ. 2022ರ ಜನವರಿಯಲ್ಲಿ ಸರ್ಕಾರ ಗೌರವಧನವನ್ನು ಅರ್ಹತೆ ಮತ್ತು ಸೇವೆ ನೋಡಿ ತಿಂಗಳಿಗೆ 26,000ದಿಂದ 32,000 ರೂಪಾಯಿಗೆ ನಿಗದಿ ಮಾಡಿತು; ಆಮೇಲೆ ಅಷ್ಟಿಷ್ಟು ಏರಿದೆ. ಆದರೂ ಹೊಸದಾಗಿ ಸೇರುವವರಿಗೆ ಜೆಆರ್‌ಎಫ್ ಮೊತ್ತದ ಎದುರು ಅದು ಕಡಿಮೆಯೇ, ಮೇಲಾಗಿ ವರ್ಷಪೂರ್ತಿ ಇಲ್ಲ. ಹೆಸರಿನ ಹಿಂದೆ 'ಡಾ.' ಇದ್ದೂ ಜೂನ್ ಬಂದರೆ ಕೌನ್ಸೆಲಿಂಗ್ ಪಟ್ಟಿಗೆ ಕಾಯುವವರು ಯಾದಗಿರಿ, ಶಹಾಪುರ, ಸುರಪುರ ಮೂರೂ ಊರಲ್ಲಿದ್ದಾರೆ.

371(ಜೆ) ಇದೆಯಲ್ಲ ಅನ್ನಬಹುದು. ಇದೆ, ಮತ್ತು ಅದರ ಬೆಲೆ ಕಡಿಮೆಯೇನಲ್ಲ. ಸಂವಿಧಾನದ 98ನೆಯ ತಿದ್ದುಪಡಿಯಿಂದ ಬಂದ ಆ ವಿಧಿಯ ಆಧಾರದ ಮೇಲೆ ಕಲ್ಯಾಣ ಕರ್ನಾಟಕದ ಸ್ಥಳೀಯ ವೃಂದದ ಬಿ ಗುಂಪಿನ ಹುದ್ದೆಗಳಲ್ಲಿ ಶೇ 75, ಸಿ ಗುಂಪಿನಲ್ಲಿ ಶೇ 80 ಸ್ಥಳೀಯರಿಗೆ. ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70 ಸೀಟು, ರಾಜ್ಯದ ಉಳಿದೆಡೆ ಶೇ 8. ಅರ್ಹತಾ ಪ್ರಮಾಣಪತ್ರವನ್ನು ಡಿಗ್ರಿಯಲ್ಲಿದ್ದಾಗಲೇ ಮಾಡಿಸಿಟ್ಟುಕೊಳ್ಳಿ. ಆದರೆ ಮೀಸಲಾತಿ ಕೆಲಸ ಮಾಡುವುದು ಹುದ್ದೆ ಕರೆದಾಗ. ಕರೆಯದ ವರ್ಷಗಳಲ್ಲಿ ಶೇ 75 ಆದರೇನು, ನೂರಾದರೇನು.

ಹಾಗಾದರೆ ಯಾರು ಸೇರಬೇಕು? ಪ್ರಶ್ನೆಯ ಜೊತೆಗೆ ಗೈಡ್ ಕೂಡ ಅಷ್ಟೇ ಮುಖ್ಯ. ನನ್ನನ್ನು ಕೇಳಿದರೆ ವಿಶ್ವವಿದ್ಯಾಲಯದ ಹೆಸರಿಗಿಂತ ಮುಖ್ಯ. ಯುಜಿಸಿ 2022ರ ನಿಯಮದಂತೆ ಪ್ರಾಧ್ಯಾಪಕರೊಬ್ಬರು ಒಂದು ಹೊತ್ತಿಗೆ 8 ಜನ, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ವಿದ್ಯಾರ್ಥಿಗಳನ್ನು ಇಟ್ಟುಕೊಳ್ಳಬಹುದು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಉಳಿದವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಖಾಲಿ ಜಾಗ ಎಲ್ಲಿದೆಯೋ ಅಲ್ಲಿಗೆ ಹೋಗಿ ಸೇರುವುದು ನಮ್ಮಲ್ಲಿ ರೂಢಿ. ಯಾಕೆ ಖಾಲಿ ಉಳಿದಿದೆ ಎಂದು ಕೇಳುವುದಿಲ್ಲ. ಹೆಣ್ಣು ಕೊಡುವಾಗ ಮನೆತನ ವಿಚಾರಿಸಿದಷ್ಟೇ ಕಾಳಜಿಯಿಂದ ಗೈಡ್ ಬಗ್ಗೆ ವಿಚಾರಿಸಬೇಕು. ಅವರ ಬಳಿ ಸೇರಿದವರು ಎಷ್ಟು ವರ್ಷಕ್ಕೆ ಮುಗಿಸಿದರು, ಬಿಟ್ಟುಹೋದವರೆಷ್ಟು, ಹೋದವರು ಈಗ ಎಲ್ಲಿದ್ದಾರೆ, ಪ್ರಬಂಧದಲ್ಲಿ ಮೊದಲ ಹೆಸರು ವಿದ್ಯಾರ್ಥಿಯದೋ ಬೇರೆಯವರದೋ. ಇದನ್ನು ಗೈಡನ್ನೇ ಕೇಳಿದರೆ ಉಪಯೋಗವಿಲ್ಲ. ಅವರ ಹಳೆಯ ವಿದ್ಯಾರ್ಥಿಗಳೊಡನೆ ಚಹಾ ಕುಡಿಯುತ್ತ ಕೇಳಿ. ಗೈಡಿನ ಮನೆಗೆ ಗ್ಯಾಸ್ ಸಿಲಿಂಡರ್ ತಂದುಕೊಟ್ಟ, ಅವರ ಮಕ್ಕಳನ್ನು ಟ್ಯೂಷನ್ನಿಗೆ ಬಿಟ್ಟುಬಂದ ಕಥೆಗಳು ಬಂದರೆ ಚಹಾದ ದುಡ್ಡು ಕೊಟ್ಟು ಎದ್ದುಬನ್ನಿ. ವಿನಯ ಬೇರೆ, ಮನೆಗೆಲಸ ಬೇರೆ.

ಮನಸ್ಸಿನ ಮೇಲಾಗುವ ಪರಿಣಾಮವನ್ನು ನಮ್ಮ ಕಡೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. 2018ರಲ್ಲಿ ನೇಚರ್ ಬಯೋಟೆಕ್ನಾಲಜಿ ಪತ್ರಿಕೆಯಲ್ಲಿ ಬಂದ ಸಮೀಕ್ಷೆಯೊಂದು 26 ದೇಶಗಳ 2,279 ಮಂದಿಯನ್ನು ಮಾತಾಡಿಸಿತ್ತು, ಅವರಲ್ಲಿ ಹೆಚ್ಚಿನವರು ಪಿಎಚ್.ಡಿ. ವಿದ್ಯಾರ್ಥಿಗಳು. ಖಿನ್ನತೆ, ಆತಂಕ ಅವರಲ್ಲಿ ಸಾಮಾನ್ಯ ಜನರಿಗಿಂತ ಆರು ಪಟ್ಟು ಹೆಚ್ಚು ಕಂಡವು. ಪ್ರಯೋಗ ಕೈಕೊಡುವುದು ಇಲ್ಲಿ ದಿನದ ಮಾತು. ಶಾಲೆಯಿಂದ ಎಂ.ಎಸ್ಸಿ.ವರೆಗೆ ಊರಿಗೇ ಜಾಣ ಅನಿಸಿಕೊಂಡು ಬಂದವನಿಗೆ, ತಿಂಗಳುಗಟ್ಟಲೆ ಏನೂ ಫಲ ಕಾಣದೆ ಇರುವುದು ಅಭ್ಯಾಸವಿರುವುದಿಲ್ಲ. ಅದೇ ಹೊತ್ತಿಗೆ ಊರಲ್ಲಿ ಓರಗೆಯವರು ಪಿಡಿಒ ಆಗಿ, ಮನೆ ಕಟ್ಟಿಸಿ, ಮಗುವಿನ ಜವಳ ಮಾಡಿಸುತ್ತಿರುತ್ತಾರೆ. 'ಇನ್ನೂ ಓದಾಕತ್ತೀಯೇನು?' ಎಂದು ಬಸ್‌ಸ್ಟ್ಯಾಂಡಿನಲ್ಲಿ ಕೇಳುವವರಿಗೆ ಕೊಡಲು ಉತ್ತರ ಇರುವುದಿಲ್ಲ.

ಹುಡುಗಿಯರಿಗೆ ಇದೇ ಪ್ರಶ್ನೆ ಇನ್ನೂ ಹರಿತವಾಗಿ ಬರುತ್ತದೆ. ನಿಯಮದಲ್ಲಿ ಅವರಿಗೆ ಸವಲತ್ತು ಉಂಟು. ಎಲ್ಲರಿಗೂ ಕನಿಷ್ಠ 3, ಗರಿಷ್ಠ 6 ವರ್ಷ, ಮರುನೋಂದಣಿ ಮಾಡಿಸಿದರೆ ಮತ್ತೆ 2 ವರ್ಷ. ಮಹಿಳೆಯರಿಗೆ ಅದರ ಮೇಲೆ ಇನ್ನೂ 2 ವರ್ಷದ ಸಡಿಲಿಕೆ, 240 ದಿನಗಳವರೆಗೆ ಹೆರಿಗೆ ಮತ್ತು ಶಿಶುಪಾಲನಾ ರಜೆ. ನಿಯಮ ಪುಸ್ತಕಕ್ಕೆ ಗೊತ್ತಿಲ್ಲದ್ದು ಮದುವೆಯ ನಂತರದ ಊರು. ಕಲಬುರಗಿಯಲ್ಲಿ ಪ್ರಯೋಗ ಶುರುಮಾಡಿದವಳನ್ನು ಬೆಳಗಾವಿಗೆ ಕೊಟ್ಟರೆ ಇಂಕ್ಯುಬೇಟರಿನ ಕೋಶಗಳು ಅವಳಿಗಾಗಿ ಕಾಯುವುದಿಲ್ಲ. ಸೇರುವ ಮುಂಚೆಯೇ ಮನೆಯವರ ಜೊತೆ, ಮದುವೆ ಗೊತ್ತಾಗಿದ್ದರೆ ಆ ಮನೆಯವರ ಜೊತೆ, ವರ್ಷಗಳ ಲೆಕ್ಕವನ್ನು ಬಾಯಿಬಿಟ್ಟು ಮಾತಾಡುವುದು ಒಳ್ಳೆಯದು. 'ಮದುವೆ ಆದ ಮೇಲೂ ಓದಿಸ್ತೀವಿ' ಎಂಬ ಮಾತಿಗೆ ನಾನು ಅಷ್ಟು ಬೆಲೆ ಕೊಡುವುದಿಲ್ಲ. ಎಲ್ಲಿ, ಎಷ್ಟು ವರ್ಷ, ಯಾರ ಖರ್ಚಿನಲ್ಲಿ ಎಂದು ಕೇಳಬೇಕು.

ಪದವಿಯೇ ಸಂಶೋಧನೆಯಲ್ಲ ಎಂಬುದಕ್ಕೂ ಒಬ್ಬ ಹೆಣ್ಣುಮಗಳ ಕಥೆಯೇ ಸಾಕ್ಷಿ. ಅನ್ನಾ ಮಣಿ 1940ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಬಳಿ ವಜ್ರ, ಮಾಣಿಕ್ಯಗಳ ಬೆಳಕಿನ ಮೇಲೆ ಕೆಲಸ ಮಾಡಿ 1945ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಥೀಸಿಸ್ ಸಲ್ಲಿಸಿದರು. ಎಂ.ಎಸ್ಸಿ. ಇಲ್ಲ ಎಂಬ ಕಾರಣಕ್ಕೆ ಪಿಎಚ್.ಡಿ. ಕೊಡಲಿಲ್ಲ. ಮುಂದೆ ಅವರು ಹವಾಮಾನ ಇಲಾಖೆಗೆ ಸೇರಿ, ಮಳೆ, ಗಾಳಿ, ಬಿಸಿಲು ಅಳೆಯುವ ಉಪಕರಣಗಳನ್ನು ದೇಶದಲ್ಲೇ ತಯಾರಿಸುವ ವ್ಯವಸ್ಥೆ ಕಟ್ಟಿದರು. ಇನ್ನೊಂದು ತುದಿಗೆ ಎಚ್. ನರಸಿಂಹಯ್ಯ. ಗೌರಿಬಿದನೂರು ತಾಲ್ಲೂಕಿನ ಬಡ ಮನೆಯಿಂದ ಬಂದು ಬೆಂಗಳೂರಿನ ನ್ಯಾಷನಲ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು, ಮೂವತ್ತೈದು ದಾಟಿದ ಮೇಲೆ ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋಗಿ 1960ರಲ್ಲಿ ನ್ಯೂಕ್ಲಿಯರ್ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು, ಮತ್ತೆ ಅದೇ ಕಾಲೇಜಿಗೆ ಬಂದು ಪ್ರಾಂಶುಪಾಲರಾದರು. ಇಪ್ಪತ್ತಮೂರಕ್ಕೇ ಸೇರದಿದ್ದರೆ ಗಾಡಿ ತಪ್ಪಿತು ಎಂದು ಹೆದರುವವರು ಇದನ್ನು ನೆನಪಿಡಬಹುದು.

ಭಾಷೆಯ ವಿಷಯಕ್ಕೆ ಬಂದರೆ, ಸಿಎಸ್‌ಐಆರ್ ನೆಟ್ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿ ಪಿಯುಸಿಗೆ ಇಂಗ್ಲಿಷ್ ಮಾಧ್ಯಮಕ್ಕೆ ಬಿದ್ದವರಿಗೆ ಇದು ಎರಡು ಪಟ್ಟು ಶ್ರಮ. ಇದು ಅನ್ಯಾಯವೇ. ಆದರೆ ದಾಟಲಾಗದ ಹೊಳೆಯೇನಲ್ಲ. ವಿಜ್ಞಾನದ ಇಂಗ್ಲಿಷಿಗೆ ಬೇಕಾದ ಪದಗಳು ಕಥೆ-ಕಾದಂಬರಿಯದಕ್ಕಿಂತ ಬಹಳ ಕಡಿಮೆ, ಒಂದೇ ವಿಷಯದ ಇಪ್ಪತ್ತು ಲೇಖನ ಓದುವಷ್ಟರಲ್ಲಿ ಕೈಗೆ ಬರುತ್ತವೆ. ನಕಲು ಮಾಡಿ ಬಚಾವಾಗುತ್ತೇನೆ ಎಂಬ ಯೋಚನೆ ಮಾತ್ರ ಬೇಡ: ಶೇ 10ಕ್ಕಿಂತ ಹೆಚ್ಚು ಹೋಲಿಕೆ ಕಂಡರೆ ಯುಜಿಸಿಯ 2018ರ ನಿಯಮದಡಿ ಥೀಸಿಸ್ ವಾಪಸ್ ಬರುತ್ತದೆ.

ಎಲ್ಲಿ ಸೇರಬೇಕು ಎಂಬುದಕ್ಕೆ ಆಯ್ಕೆಗಳು ಹಿಂದಿಗಿಂತ ಹೆಚ್ಚಿವೆ. 1980ರ ಗುಲಬರ್ಗಾ ವಿಶ್ವವಿದ್ಯಾಲಯ ಒಂದೇ ಇದ್ದಲ್ಲಿ ಈಗ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ, ರಾಯಚೂರಿನ ಕೃಷಿ ವಿಶ್ವವಿದ್ಯಾಲಯ, ಯಾದಗಿರಿ ಜಿಲ್ಲೆಯನ್ನೂ ಒಳಗೊಂಡ ರಾಯಚೂರಿನ ವಿಶ್ವವಿದ್ಯಾಲಯ ಇವೆ. ಬೆಂಗಳೂರಿನ ಐಐಎಸ್‌ಸಿ, ಜವಾಹರಲಾಲ್ ನೆಹರೂ ಉನ್ನತ ಸಂಶೋಧನಾ ಕೇಂದ್ರಗಳಲ್ಲಿ ಬಿ.ಎಸ್ಸಿ. ನಂತರವೇ ಸೇರುವ ಇಂಟಿಗ್ರೇಟೆಡ್ ಪಿಎಚ್.ಡಿ. ಇದೆ. ನಮ್ಮ ಕಡೆಯ ಡಿಗ್ರಿ ಕಾಲೇಜುಗಳಲ್ಲಿ ಇದರ ಸುದ್ದಿಯೇ ತಲುಪಿಲ್ಲ, ಎಂ.ಎಸ್ಸಿ. ಎರಡನೇ ವರ್ಷದಲ್ಲಿ ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ. ಎಲ್ಲಕ್ಕಿಂತ ಒಳ್ಳೆಯದು, ಸೇರುವ ಮುಂಚೆ ರುಚಿ ನೋಡುವುದು. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯೂ ಸೇರಿದಂತೆ ಮೂರು ಅಕಾಡೆಮಿಗಳು ಕೂಡಿ ಕೊಡುವ ಬೇಸಿಗೆ ಸಂಶೋಧನಾ ಫೆಲೋಶಿಪ್ಪಿನಲ್ಲಿ ಎರಡು ತಿಂಗಳು ದೇಶದ ದೊಡ್ಡ ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡಬಹುದು. ಎಂ.ಎಸ್ಸಿ. ಆದವರು ಯೋಜನಾ ಸಹಾಯಕರಾಗಿ ಆರು ತಿಂಗಳು ದುಡಿಯಬಹುದು. ಅಲ್ಲಿ ಬೇಸರವಾದರೆ ರಾಜೀನಾಮೆ ಕೊಟ್ಟು ಬರಬಹುದು, ಪಿಎಚ್.ಡಿ. ಬಿಟ್ಟು ಬಂದ ಅಪವಾದ ಇರುವುದಿಲ್ಲ.

ಬೇಡ ಎಂದು ತೀರ್ಮಾನಿಸಿದವರಿಗೂ ವಿಜ್ಞಾನ ಮುಚ್ಚಿಲ್ಲ. ಯಾದಗಿರಿ ಪಕ್ಕದ ಕಡೇಚೂರು–ಬಾಡಿಯಾಳ ಕೈಗಾರಿಕಾ ಪ್ರದೇಶಕ್ಕಾಗಿ ರೈತರು 3 ಸಾವಿರ ಎಕರೆಗೂ ಹೆಚ್ಚು ಜಮೀನು ಕೊಟ್ಟರು. ಅಲ್ಲಿ ರಾಸಾಯನಿಕ, ಔಷಧ ಕಾರ್ಖಾನೆಗಳಿವೆ. ಜೊತೆಗೆ ದುರ್ವಾಸನೆಯ ದೂರುಗಳೂ. ಅಲ್ಲಿನ ಕ್ವಾಲಿಟಿ ಕಂಟ್ರೋಲ್ ಕೆಲಸಕ್ಕೆ ಎಂ.ಎಸ್ಸಿ. ಸಾಕು. ಜಲಮಂಡಳಿ, ಮಾಲಿನ್ಯ ನಿಯಂತ್ರಣ ಮಂಡಳಿ, ಮಣ್ಣು ಪರೀಕ್ಷಾ ಕೇಂದ್ರ, ಹೈಸ್ಕೂಲು — ಒಳ್ಳೆಯ ವಿಜ್ಞಾನ ಮಾಸ್ತರು ಸಿಗದೆ ಹತ್ತನೇ ತರಗತಿಗೆ ವಿಜ್ಞಾನವೆಂದರೆ ಹೆದರಿ ಓಡುವ ಮಕ್ಕಳ ಜಿಲ್ಲೆಯಲ್ಲಿ ಬಿ.ಇಡಿ. ಮಾಡು ಅನ್ನುವ ಅಪ್ಪನ ಮಾತು ಕೆಟ್ಟದ್ದೇನಲ್ಲ.

ನನ್ನ ತೀರ್ಪು ಇಷ್ಟು. ನೌಕರಿಗಾಗಿ ಪಿಎಚ್.ಡಿ. ಬೇಡ, ಅದಕ್ಕೆ ಕೆಸೆಟ್ ಇದೆ. ಹೆಸರಿಗಾಗಿ ಖಂಡಿತ ಬೇಡ. ಬಿಡದ ಪ್ರಶ್ನೆ, ನಂಬಬಹುದಾದ ಗೈಡ್, ಕೈಯಲ್ಲೊಂದು ಫೆಲೋಶಿಪ್ — ಮೂರೂ ಇದ್ದರೆ ಮನೆಯವರ ಜೊತೆ ಜಗಳವಾಡಿಯಾದರೂ ಸೇರಿ. ಎರಡಿದ್ದರೆ ಒಂದು ವರ್ಷ ಕಾಯಿರಿ. ಅರ್ಜಿ ಹಾಕುವ ಮುಂಚೆ ಮೊಬೈಲಿನಲ್ಲಿ ಶೋಧಗಂಗಾ ತೆರೆದು, ನೀವು ಸೇರಬೇಕೆಂದಿರುವ ಗೈಡಿನ ಕೈಕೆಳಗೆ ಬಂದ ಥೀಸಿಸ್‌ಗಳಲ್ಲಿ ಎರಡನ್ನಾದರೂ ಮೊದಲಿನಿಂದ ಕಡೆಯವರೆಗೆ ಓದಿ. ದೇಶದ ವಿಶ್ವವಿದ್ಯಾಲಯಗಳ ಥೀಸಿಸ್‌ಗಳನ್ನು ಅಲ್ಲಿ ದುಡ್ಡಿಲ್ಲದೆ ಓದಬಹುದು.